ಹೊಲದಲ್ಲಿ ಸಿಕ್ಕಿದ ಹಡಗು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಹಳೆಯ ಮನೆಯನ್ನು ರಿಪೇರಿ ಮಾಡಿ ನೋಡು ಎಂಬ ಮಾತನ್ನೂ ಅವರು ಅದರ ಜೊತೆಗೆ ಸೇರಿಸಬಹುದಾಗಿತ್ತು. ಹುಳು ಹಿಡಿದ ಒಂದು ತೊಲೆಯನ್ನು ಬದಲಿಸಹೊರಟರೆ ಅದರ ಮೇಲಿನ ಹಲಗೆ ಪುಡಿಯಾಗಿ ಉದುರುತ್ತದೆ. ಹಲಗೆಯನ್ನು ಕಿತ್ತರೆ ಗೋಡೆಯೇ ಬಾಯಿಬಿಡುತ್ತದೆ. ಕೊನೆಗೆ ಯಜಮಾನನ ಕೈಯಲ್ಲಿ ಉಳಿಯುವುದು ಬಡಗಿಯ ಲೆಕ್ಕದ ಚೀಟಿ ಮಾತ್ರ. ಅಂಥ ಜೀರ್ಣಗೃಹವು ನೆಲದ ಮೇಲಿರದೆ ನೀರಿನ ಮೇಲೆ ತೇಲುವಂಥದ್ದಾಗಿದ್ದರೆ? ಅದರೊಳಗೇ ಉಂಡು, ಅದರೊಳಗೇ ಮಲಗಿ, ಅದನ್ನೇ ನಂಬಿಕೊಂಡು ಭೂಮಂಡಲವನ್ನೆಲ್ಲ ಸುತ್ತಬೇಕಾಗಿದ್ದರೆ? ಇಂಥ ಸಾಹಸವನ್ನು ಮಾಡಿ ಗೆದ್ದವನು ಕ್ಯಾಪ್ಟನ್ ಜೋಶುವಾ ಸ್ಲೋಕಮ್. ಒಬ್ಬಂಟಿಗನಾಗಿ ಹಾಯಿದೋಣಿಯಲ್ಲಿ ಪ್ರಪಂಚ ಪ್ರದಕ್ಷಿಣೆ ಮಾಡಿದ ಮೊದಲಿಗನೆಂದು ಆತನ ಹೆಸರು ಚರಿತ್ರೆಯಲ್ಲಿ ನಿಂತಿದೆ. ಆ ಯಾತ್ರೆಯ ವಿಷಯವನ್ನು ಬಲ್ಲವರು ಬಹಳ ಮಂದಿ. ಆದರೆ ಅದರ ಹಿಂದಿದ್ದ ಹದಿಮೂರು ತಿಂಗಳ ಬಡಗಿ ಕೆಲಸವನ್ನು ನೆನೆಯುವವರು ಕಡಿಮೆ.

ಕೆಲಸವಿಲ್ಲದ ಕ್ಯಾಪ್ಟನ್

ಸ್ಲೋಕಮ್ ಹುಟ್ಟಿದ್ದು ೧೮೪೪ರಲ್ಲಿ, ಕೆನಡಾ ದೇಶದ ನೋವಾ ಸ್ಕೋಷಿಯಾದಲ್ಲಿ. ಹದಿನಾಲ್ಕರ ವಯಸ್ಸಿಗೇ ಮನೆಬಿಟ್ಟು ಓಡಿಹೋಗಿ ಮೀನುಗಾರರ ಹಡಗಿನಲ್ಲಿ ಅಡಿಗೆಯವನಾಗಿ ಸೇರಿದ. ಮುಂದೆ ಅಮೆರಿಕದ ಪ್ರಜೆಯಾಗಿ, ದೊಡ್ಡ ದೊಡ್ಡ ಹಾಯಿಹಡಗುಗಳಿಗೆ ಕ್ಯಾಪ್ಟನ್ ಆದ. ಮೊದಲ ಹೆಂಡತಿ ವರ್ಜೀನಿಯಾ ಆತನೊಡನೆ ಹಡಗಿನಲ್ಲಿಯೇ ಸಂಸಾರ ಹೂಡಿದಳು. ಮಕ್ಕಳು ಬೆಳೆದದ್ದೂ ಹಡಗಿನಲ್ಲಿಯೇ. ೧೮೮೪ರಲ್ಲಿ ಬ್ಯೂನಸ್ ಐರಿಸ್ ಬಂದರಿನಲ್ಲಿ ಆಕೆ ತೀರಿಕೊಂಡಳು. ಎರಡು ವರ್ಷಗಳ ಮೇಲೆ ಆತ ಹೆಟ್ಟಿ ಎಂಬಾಕೆಯನ್ನು ಮದುವೆಯಾದ. ೧೮೮೭ರ ಕೊನೆಯಲ್ಲಿ ಬ್ರೆಜಿಲ್ ದೇಶದ ಕರಾವಳಿಯಲ್ಲಿ ಆತನ ಸ್ವಂತ ಹಡಗು ‘ಅಕ್ವಿಡ್ನೆಕ್’ ಮರಳ ದಿಬ್ಬಕ್ಕೆ ಸಿಕ್ಕಿ ನಾಶವಾಯಿತು. ಊರಿಗೆ ಮರಳಲು ಆತ ಯಾರ ಮುಂದೆಯೂ ಕೈಚಾಚಲಿಲ್ಲ. ಒಡೆದ ಹಡಗಿನ ಸಾಮಗ್ರಿಯನ್ನೂ ಕಾಡಿನ ಮರವನ್ನೂ ಕೂಡಿಸಿ ಮೂವತ್ತೈದು ಅಡಿಯ ಒಂದು ದೋಣಿಯನ್ನು ಕಟ್ಟಿದ. ಬ್ರೆಜಿಲ್‌ನಲ್ಲಿ ಗುಲಾಮರಿಗೆ ಬಿಡುಗಡೆಯಾದ ದಿನದಂದೇ, ೧೮೮೮ರ ಮೇ ೧೩ರಂದು, ಅದು ನೀರಿಗಿಳಿಯಿತು. ಆದುದರಿಂದ ಅದಕ್ಕೆ ‘ಲಿಬರ್‌ಡಾಡೆ’, ಎಂದರೆ ಸ್ವಾತಂತ್ರ್ಯ, ಎಂದು ಹೆಸರಾಯಿತು. ಹೆಂಡತಿ ಹಾಗೂ ಇಬ್ಬರು ಗಂಡುಮಕ್ಕಳನ್ನು ಅದರಲ್ಲಿ ಕೂರಿಸಿಕೊಂಡು, ಸುಮಾರು ೫,೫೦೦ ಮೈಲಿ ಸಮುದ್ರ ದಾಟಿ, ಆ ವರ್ಷದ ಕೊನೆಯ ವೇಳೆಗೆ ವಾಷಿಂಗ್ಟನ್ ನಗರವನ್ನು ಮುಟ್ಟಿದ.

ಹೆಟ್ಟಿಗೆ ಆ ಒಂದು ಯಾತ್ರೆಯೇ ಸಾಕಾಯಿತು. ಮುಂದೆಂದೂ ಆಕೆ ಗಂಡನೊಡನೆ ಸಮುದ್ರಯಾನಕ್ಕೆ ಹೊರಡಲಿಲ್ಲ. ಆಕೆಯನ್ನು ತಪ್ಪೆನ್ನುವವರು ಮೊದಲು ಒಂದು ಚಿಕ್ಕ ದೋಣಿಯಲ್ಲಿ ಆರು ತಿಂಗಳು ಸಂಸಾರ ಮಾಡಿ ನೋಡಬೇಕು.

೧೮೯೨ರ ಚಳಿಗಾಲದಲ್ಲಿ ಸ್ಲೋಕಮ್ ಬಾಸ್ಟನ್ ಬಂದರಿನಲ್ಲಿ ಕೆಲಸಕ್ಕಾಗಿ ಅಲೆಯುತ್ತಿದ್ದ. ವಯಸ್ಸು ನಲವತ್ತೆಂಟರ ಆಸುಪಾಸು. ಹಾಯಿಹಡಗುಗಳ ಕಾಲ ಮುಗಿಯುತ್ತ ಬಂದಿತ್ತು. ಹೊಗೆಯುಗುಳುವ ಆವಿಯ ಹಡಗುಗಳು ಸಮುದ್ರದ ವ್ಯಾಪಾರವನ್ನು ಕಸಿದುಕೊಂಡಿದ್ದವು. ಗಾಳಿಯನ್ನು ಓದಬಲ್ಲ ಕ್ಯಾಪ್ಟನ್‌ಗಳು ಬಂದರಿನ ಕಟ್ಟೆಗಳ ಮೇಲೆ ಬೇಕಾದಷ್ಟು ಮಂದಿ ಕುಳಿತಿದ್ದರು. ಅವರಿಗೆ ಕೊಡಲು ಹಡಗುಗಳಿರಲಿಲ್ಲ. ಹಡಗುಕಟ್ಟೆಯಲ್ಲಿ ಕೂಲಿಗಾದರೂ ಸೇರೋಣವೆಂದರೆ, ಮೊದಲು ಕೆಲಸಗಾರರ ಸಂಘಕ್ಕೆ ೫೦ ಡಾಲರ್ ಕಟ್ಟಬೇಕೆಂದರು. ಅಷ್ಟು ಹಣವಿದ್ದವನು ಕೂಲಿಗೇಕೆ ಹೋದಾನು?

ಆ ಸಮಯದಲ್ಲಿ ಎದುರಾದವನು ಹಳೆಯ ಪರಿಚಯದ ಎಬೆನ್ ಪಿಯರ್ಸ್. ಆತ ತಿಮಿಂಗಿಲ ಬೇಟೆಯ ಹಡಗುಗಳಲ್ಲಿ ಕ್ಯಾಪ್ಟನ್ ಆಗಿದ್ದವನು. ಫೇರ್‌ಹೇವನ್ ಊರಿಗೆ ಬಂದರೆ ಒಂದು ಹಡಗನ್ನೇ ಕೊಡುತ್ತೇನೆಂದು ಆತ ಸ್ಲೋಕಮ್‌ಗೆ ಮಾತು ಕೊಟ್ಟ. ಆದರೆ ಅದಕ್ಕೆ ಸ್ವಲ್ಪ ರಿಪೇರಿ ಬೇಕಾಗಿದೆ ಎಂಬ ಮಾತನ್ನೂ ಸೇರಿಸಿದ.

ಸ್ವಲ್ಪ ರಿಪೇರಿ!

ಮರುದಿನವೇ ಸ್ಲೋಕಮ್ ಫೇರ್‌ಹೇವನ್‌ಗೆ ಹೋದ. ಹಡಗು ಬಂದರಿನಲ್ಲಿರಲಿಲ್ಲ, ಸಮುದ್ರದಿಂದ ದೂರದಲ್ಲಿ, ಒಂದು ಹೊಲದ ನಡುವೆ, ಆಧಾರದ ಕಂಬಗಳ ನಡುವೆ ನಿಂತಿತ್ತು. ಮೈಮೇಲೆ ಕ್ಯಾನ್ವಾಸಿನ ಹೊದಿಕೆ. ಹಿಂದೆ ಸಿಂಪಿ ಹಿಡಿಯಲು ಬಳಸುತ್ತಿದ್ದ ಒಂಟಿಗಂಬದ ದೋಣಿ ಅದು. ಹೆಸರು ‘ಸ್ಪ್ರೇ’, ಎಂದರೆ ತೆರೆಯ ತುಂತುರು. ಅದು ಹುಟ್ಟಿದ ವರ್ಷವನ್ನು ಊರಿನಲ್ಲಿ ಯಾರೂ ಹೇಳಲಾರರು. ಏಳು ವರ್ಷಗಳಿಂದ ಅದು ಹಾಗೆಯೇ ಬಿದ್ದಿತ್ತು. ಪಿಯರ್ಸ್ ಮುದುಕ ತಮಾಷೆ ಮಾಡಿದನೆಂದೇ ಊರಿನವರ ಊಹೆ. ಸ್ಲೋಕಮ್ ಕೊಡಲಿ ಹಿಡಿದು ಬಂದುದನ್ನು ಕಂಡಾಗ, ಕೊನೆಗೂ ಇದನ್ನು ಸೌದೆಗಾಗಿ ಒಡೆಯುವ ಕಾಲ ಬಂತೆಂದು ಅವರು ತಿಳಿದರು. ಒಡೆಯುವುದಿಲ್ಲ, ಮತ್ತೆ ಕಟ್ಟುತ್ತೇನೆಂದು ಆತ ಹೇಳಿದಾಗ ಎಲ್ಲರೂ ಬೆರಗಾದರು. ಇದರಿಂದ ಲಾಭವುಂಟೇ ಎಂಬ ಪ್ರಶ್ನೆಯನ್ನು ಮುಂದೆ ಒಂದು ವರ್ಷಕ್ಕೂ ಹೆಚ್ಚು ಕಾಲ ದಾರಿಹೋಕರೆಲ್ಲ ಆತನಿಗೆ ಕೇಳಿದರು. ಲಾಭವಾಗುವಂತೆ ತಾನೇ ಮಾಡುವೆನೆಂಬುದೊಂದೇ ಆತನ ಉತ್ತರ.

ಹತ್ತಿರದಲ್ಲಿಯೇ ಬೆಳೆದಿದ್ದ ಒಂದು ಬಲವಾದ ಓಕ್ ಮರವನ್ನು ಕಡಿದು, ಅದರಿಂದ ದೋಣಿಯ ಬೆನ್ನೆಲುಬಾದ ಅಡಿಮರವನ್ನು ಕೆತ್ತಿದ. ಉಳಿದ ಮರಗಳನ್ನು ಒಬ್ಬ ರೈತ ಅಲ್ಪ ಬಾಡಿಗೆಗೆ ಎಳೆದುತಂದು ಹಾಕಿದ. ಇನ್ನು ಪಕ್ಕೆಮರಗಳು. ದೋಣಿಯ ಹೊಟ್ಟೆ ದುಂಡಾಗಿರುವುದರಿಂದ ಪಕ್ಕೆಮರಗಳೂ ಬಾಗಬೇಕು. ಆದರೆ ಓಕ್ ಮರವು ಸುಲಭವಾಗಿ ಬಾಗುವ ಜಾತಿಯದಲ್ಲ. ಸ್ಲೋಕಮ್ ಒಂದು ಹಂಡೆಯನ್ನೇ ಬಾಯ್ಲರ್ ಮಾಡಿ, ಅದರ ಹಬೆಯನ್ನು ಉದ್ದನೆಯ ಮರದ ಪೆಟ್ಟಿಗೆಯೊಳಕ್ಕೆ ಬಿಟ್ಟ. ನೇರವಾದ ಎಳೆಯ ಓಕ್ ಮರಗಳನ್ನು ಹದಮಾಡಿ ಆ ಪೆಟ್ಟಿಗೆಯಲ್ಲಿಟ್ಟರೆ, ಇಡ್ಲಿ ಬೇಯುವಂತೆ ಬೆಂದು ಅವು ಮೆತ್ತಗಾಗುತ್ತಿದ್ದವು. ಬಿಸಿಯಾಗಿರುವಾಗಲೇ ಹೊರತೆಗೆದು ದಿಮ್ಮಿಯ ಮೇಲೆ ಬಗ್ಗಿಸಿ ಬಿಗಿದುಬಿಟ್ಟರೆ, ಆರಿದ ಮೇಲೆ ಆ ಬಾಗು ಹಾಗೆಯೇ ನಿಲ್ಲುತ್ತಿತ್ತು.

ಕೆಲಸ ನಡೆಯುತ್ತಿದ್ದಂತೆ ಹೊಲವು ಊರಿನ ಜಗುಲಿಯಂತಾಯಿತು. ತಿಮಿಂಗಿಲ ಬೇಟೆಯಿಂದ ನಿವೃತ್ತರಾದ ಮುದಿ ಕ್ಯಾಪ್ಟನ್‌ಗಳು ದೂರದಿಂದ ನಡೆದು ಬಂದು, ಬಾಯಲ್ಲಿ ತಮ್ಮ ಹಳೆಯ ಕಥೆಗಳು, ಕಣ್ಣಲ್ಲಿ ಆತನ ಕೆಲಸ ಎಂಬಂತೆ ಕುಳಿತುಕೊಳ್ಳುತ್ತಿದ್ದರು. ದೋಣಿಯ ಮೂತಿಮರವನ್ನು ನಿಲ್ಲಿಸಿದ ದಿನ ಅವರಿಗೆ ಹಬ್ಬ. ಬಯಲಿನ ಓಕ್ ಮರದ ಬುಡದಿಂದ ಕೆತ್ತಿದ ಆ ಮೂತಿಯನ್ನು ಕಂಡು, ಹಿಮದ ಗಡ್ಡೆಗಳನ್ನೂ ಒಡೆಯಬಲ್ಲದೆಂದು ಸರ್ಟಿಫಿಕೇಟು ಕೊಟ್ಟರು. ಅವರ ಮಾತು ಬರಿಯ ಉಪಚಾರದ್ದಾಗಲಿಲ್ಲ: ಮುಂದೆ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಲ್ಲಿ ಅದೇ ಮೂತಿ ಹವಳದ ಒಂದು ದಿಣ್ಣೆಯನ್ನು ಇಬ್ಭಾಗ ಮಾಡಿತು, ಮರಕ್ಕೆ ಒಂದು ಗಾಯವೂ ಆಗಲಿಲ್ಲ.

ಪಕ್ಕೆಮರಗಳು ಎದ್ದುನಿಲ್ಲುವ ಹೊತ್ತಿಗೆ ಸೇಬಿನ ಗಿಡಗಳು ಹೂಬಿಟ್ಟಿದ್ದವು. ಹಿಂದೆಯೇ ಚೆರ್ರಿ ಹಣ್ಣುಗಳು ಬಂದವು. ಜಾರ್ಜಿಯಾ ಪೈನ್ ಮರದ ಒಂದೂವರೆ ಅಂಗುಲ ದಪ್ಪದ ಹಲಗೆಗಳನ್ನು ಒಂದೊಂದಾಗಿ ಪಕ್ಕೆಗಳಿಗೆ ಹೊಂದಿಸಿ ಬಿಗಿಯುವುದು ಬೇಸರದ ಕೆಲಸ. ಹಲಗೆಯ ತುದಿಗಳು ಸೇರುವೆಡೆಯಲ್ಲಿ ಮೊಳೆಯನ್ನಷ್ಟೇ ನಂಬದೆ, ಆರಪಾರವಾಗಿ ಬೋಲ್ಟು ತೂರಿಸಿ ನಟ್ಟು ತಿರುಗಿಸಿದ. ಹೀಗೆ ಇಡೀ ದೋಣಿಗೆ ಹಾಕಿದ ಬೋಲ್ಟುಗಳೇ ಸುಮಾರು ಒಂದು ಸಾವಿರ.

ಒಂದು ಹೊಸ ಮರ ಒಳಗೆ ಬಂದಂತೆ ಒಂದು ಹಳೆಯ ಮರ ಹೊರಗೆ ಹೋಯಿತು. ಕೊನೆಗೆ ಹಳೆಯ ದೋಣಿಯ ಮರ ಉಳಿದಿತ್ತೆಂದು ಹೇಳುವುದೇ ಕಷ್ಟ. ಹಾಗಾದರೆ ಇದು ಹಳೆಯ ಸ್ಪ್ರೇಯೋ, ಹೊಸ ದೋಣಿಯೋ? ಹಡಗುಗಳ ವಿಮೆಯ ವ್ಯವಹಾರದಲ್ಲಿ ಈ ತರ್ಕ ಹಳೆಯದು. ಒಮ್ಮೆಗೇ ಕೆಡವದೆ, ಹಂತಹಂತವಾಗಿ ಪೂರ್ತಿ ಹೊಸದಾಗುವವರೆಗೆ ರಿಪೇರಿಯಾದ ಹಡಗು ಅದೇ ಹಡಗೆಂದೇ ಲೆಕ್ಕ. ಸ್ಲೋಕಮ್ ಕೂಡ ಅದನ್ನೇ ಒಪ್ಪಿ, ಹಳೆಯ ಹೆಸರನ್ನು ಹಾಗೆಯೇ ಉಳಿಸಿದ.

ಹತ್ತಿ ತೆವಳೀತೇ?

ಹಲಗೆಗಳ ನಡುವಿನ ಸಂದುಗಳನ್ನು ನೀರು ನುಗ್ಗದಂತೆ ತುಂಬುವುದು ಮರದ ದೋಣಿಯ ಪ್ರಾಣರಕ್ಷಣೆ. ಒಳಗಿನಿಂದ ನೋಡಿದರೆ ಬೆಳಕಿನ ಗೆರೆಯೂ ಕಾಣದಷ್ಟು ಹತ್ತಿರವಾಗಿ ಹಲಗೆಗಳನ್ನು ಕೂರಿಸಬೇಕು. ಹೊರಗಡೆಯ ಅಂಚು ಮಾತ್ರ ಸ್ವಲ್ಪ ಬಾಯಿ ತೆರೆದಿರಬೇಕು. ಆ ಬಾಯಿಗೆ ಹತ್ತಿಯ ಎಳೆಯನ್ನು ಮೊಂಡು ಉಳಿಯಿಂದ ಬಡಿದು ತುಂಬುತ್ತಾರೆ. ನೀರಿಗಿಳಿದ ಮೇಲೆ ಮರವು ನೀರು ಕುಡಿದು ಉಬ್ಬುತ್ತದೆ. ಎರಡೂ ಕಡೆಯಿಂದ ಹತ್ತಿಯನ್ನು ಅದುಮಿ ಹಿಡಿಯುತ್ತದೆ. ಹೊಡೆತ ಸಡಿಲವಾದರೆ ಹತ್ತಿ ಕಳಚಿಬರುತ್ತದೆ. ಅತಿಯಾಗಿ ಬಿಗಿದರೆ ಉಬ್ಬಿದ ಹಲಗೆ ಪಕ್ಕೆಮರವನ್ನೇ ನೂಕುತ್ತದೆ. ಈ ಹದವನ್ನು ಕಿವಿ ತಿಳಿಯಬೇಕು, ಸುತ್ತಿಗೆಯ ಸದ್ದಿನಲ್ಲಿ.

ಸ್ಲೋಕಮ್ ಹತ್ತಿಯನ್ನು ತುಂಬುತ್ತಿರುವುದನ್ನು ಕಂಡ ಒಬ್ಬ, ಅದು ಖಂಡಿತ ‘ತೆವಳುತ್ತದೆ’ ಎಂದು ಘೋಷಿಸಿದ. ಸಂದಿನಿಂದ ಹತ್ತಿ ಹೊರಗೆ ಜಾರುವುದಕ್ಕೆ ಆ ಕಸುಬಿನ ಮಾತು ಅದು. ನೋಡುತ್ತ ನಿಂತಿದ್ದವರಲ್ಲಿ ಇನ್ನೂ ಕೆಲವರು ಹೌದು ಹೌದೆಂದು ತಲೆದೂಗಿದರು. ಆಗ ತಿಮಿಂಗಿಲಗಳಿಂದ ಎಷ್ಟೋ ಸಲ ದೋಣಿಸಮೇತ ಎಳೆಸಿಕೊಂಡಿದ್ದ ಮುದಿ ಕ್ಯಾಪ್ಟನ್, ಹತ್ತಿ ಎಷ್ಟು ವೇಗವಾಗಿ ತೆವಳುತ್ತದೆಂಬುದನ್ನೂ ಹೇಳಿಬಿಟ್ಟರೆ ಅಷ್ಟರೊಳಗೆ ಬಂದರು ಸೇರಿಕೊಳ್ಳಬಹುದಲ್ಲ ಎಂದು ಕೇಳಿ ಅವರ ಬಾಯಿ ಮುಚ್ಚಿಸಿದ. ಸ್ಲೋಕಮ್ ಮಾತ್ರ ಮೊದಲೇ ಯೋಚಿಸಿಕೊಂಡಿದ್ದಂತೆ ಹತ್ತಿಯ ಮೇಲೆ ಟಾರು ಹಿಡಿಸಿದ ನಾರಿನ ಇನ್ನೊಂದು ಎಳೆಯನ್ನು ಹೊಡೆದ. ಆ ಹತ್ತಿ ಎಂದೂ ತೆವಳಲಿಲ್ಲ.

ಕೊನೆಗೆ ಬಣ್ಣ. ಮೇಲ್ಭಾಗಕ್ಕೆ ಬಿಳಿಯ ಬಣ್ಣ ಎರಡು ಸಲ. ನೀರಿನಲ್ಲಿ ಮುಳುಗುವ ತಳಭಾಗಕ್ಕೆ ತಾಮ್ರ ಬೆರೆಸಿದ ಬಣ್ಣ ಎರಡು ಸಲ. ಈ ತಾಮ್ರದ ಬಣ್ಣ ಅಲಂಕಾರಕ್ಕಲ್ಲ. ಸಮುದ್ರದಲ್ಲಿ ನಿಂತ ಮರಕ್ಕೆ ಪಾಚಿ, ಚಿಪ್ಪುಗಳು ಹತ್ತಿಕೊಂಡು ದೋಣಿಯ ಓಟವನ್ನು ತಗ್ಗಿಸುತ್ತವೆ. ಅವಕ್ಕಿಂತ ಘೋರವಾದುದು ಹಡಗುಹುಳು. ನೋಡಲು ಹುಳುವಿನಂತಿದ್ದರೂ ಅದು ಸಿಂಪಿಯ ದಾಯಾದಿ. ತಲೆಯ ಬಳಿಯಿರುವ ಪುಟ್ಟ ಚಿಪ್ಪುಗಳಿಂದ ಮರವನ್ನು ಕೊರೆದು ಒಳಸೇರುತ್ತದೆ. ಹೊರಗೆ ಸೂಜಿಯ ಮೊನೆಯಷ್ಟು ತೂತು, ಒಳಗೆ ಜೇನುಗೂಡು. ಸಿಂಪಿ ಹಿಡಿಯುತ್ತಿದ್ದ ದೋಣಿಗೆ ಸಿಂಪಿಯ ದಾಯಾದಿಯೇ ಶತ್ರು! ತಾಮ್ರದ ವಿಷವೊಂದೇ ಇವುಗಳನ್ನು ದೂರವಿಡುತ್ತಿತ್ತು. ಆ ಬಣ್ಣ ಸವೆಯುವುದರಿಂದ ಮತ್ತೆ ಮತ್ತೆ ಬಳಿಯುತ್ತಲೇ ಇರಬೇಕಾಗಿತ್ತು.

ಕೊನೆಗೂ ಸ್ಪ್ರೇ ನೀರಿಗಿಳಿಯಿತು. ಉದ್ದ ೩೬ ಅಡಿ ೯ ಅಂಗುಲ, ಅಗಲ ೧೪ ಅಡಿ ೨ ಅಂಗುಲ. ಖರ್ಚಾದ ಹಣ ೫೫೩ ಡಾಲರ್ ೬೨ ಸೆಂಟ್. ಸ್ವಂತ ದುಡಿಮೆ ಹದಿಮೂರು ತಿಂಗಳು. ಕಾಲ ಮಾತ್ರ ಇನ್ನೂ ಕೆಲವು ತಿಂಗಳು ಹೆಚ್ಚಾಗಿಯೇ ಹಿಡಿದಿತ್ತು. ಕೈಯಲ್ಲಿ ಕಾಸು ಮುಗಿದಾಗಲೆಲ್ಲ ಆತ ಬಂದರಿಗೆ ಹೋಗಿ ಬೇರೆಯವರ ಹಡಗುಗಳಲ್ಲಿ ಕೆಲಸ ಮಾಡಿ ಬರಬೇಕಾಗಿತ್ತು.

ತೇಲುವ ಮನೆ

ದೋಣಿಯೊಳಗಿನ ಮನೆಯನ್ನು ಹೀಗೆ ಊಹಿಸಬಹುದು. ನಡುವೆ ಆರಡಿ ಚೌಕದ ಅಡಿಗೆಮನೆ. ಹಿಂದಕ್ಕೆ, ಹತ್ತಡಿಗೆ ಹನ್ನೆರಡಡಿಯ ಕೋಣೆ. ಎರಡರ ಸೂರೂ ಡೆಕ್ಕಿನಿಂದ ಮೂರಡಿಯಷ್ಟೇ ಎತ್ತರ; ಉಳಿದದ್ದೆಲ್ಲ ದೋಣಿಯ ಹೊಟ್ಟೆಯೊಳಗೆ. ಕೋಣೆಯ ಬದಿಗಳಲ್ಲಿ ಮಲಗುವ ಮಂಚ, ಸಣ್ಣಪುಟ್ಟ ಸಾಮಾನುಗಳ ಗೂಡುಗಳು, ಔಷಧಿಯ ಪೆಟ್ಟಿಗೆಯ ಜಾಗ. ಕೋಣೆಗೂ ಅಡಿಗೆಮನೆಗೂ ನಡುವಿನ ಉಗ್ರಾಣದಲ್ಲಿ ಹಲವು ತಿಂಗಳಿಗೆ ಸಾಲುವ ನೀರು, ಉಪ್ಪುಮಾಂಸ, ಒಣಮೀನು. ಓದಲು ಪುಸ್ತಕಗಳು. ಒಬ್ಬನಿಗೆ ಇದು ಧಾರಾಳವೆಂದೇ ಹೇಳಬೇಕು.

ಸಾಮಾನುಗಳನ್ನು ಹೊಂದಿಸಿದ ಬಗೆ ಯಾವ ಗೃಹಿಣಿಯೂ ಮೆಚ್ಚುವಂಥದ್ದು. ಪೂರ್ತಿ ಉದ್ದದ ಸಣ್ಣ ದೋಣಿಯೊಂದನ್ನು ಡೆಕ್ಕಿನ ಮೇಲಿಡಲು ಸ್ಥಳವಿರಲಿಲ್ಲ. ಯಾರೋ ಎಸೆದಿದ್ದ ಹಳೆಯ ದೋಣಿಯೊಂದನ್ನು ಅಡ್ಡಲಾಗಿ ಗರಗಸದಿಂದ ಕತ್ತರಿಸಿ, ಕತ್ತರಿಸಿದ ಕಡೆಗೆ ಹಲಗೆ ಬಡಿದ. ಆ ಅರ್ಧ ದೋಣಿಯೇ ದಡಕ್ಕೆ ಹೋಗಿಬರಲು ವಾಹನ, ಬಟ್ಟೆ ಒಗೆಯುವ ತೊಟ್ಟಿ, ಮೀಯುವ ಬಾನಿ. ಸ್ಥಾನವನ್ನು ತಿಳಿಯಲು ಬೇಕಾದ ನಿಖರವಾದ ಗಡಿಯಾರದ ರಿಪೇರಿಗೆ ೧೫ ಡಾಲರ್ ಕೇಳಿದರು. ಆತ ಅದನ್ನು ಮನೆಯಲ್ಲಿಯೇ ಬಿಟ್ಟು, ನೋವಾ ಸ್ಕೋಷಿಯಾದ ಯಾರ್ಮತ್ ಊರಿನಲ್ಲಿ ಒಂದು ತಗಡಿನ ಗಡಿಯಾರವನ್ನು ಕೊಂಡ. ಬೆಲೆ ಒಂದೂವರೆ ಡಾಲರ್. ಮುಖದ ಗಾಜು ಒಡೆದಿದ್ದುದರಿಂದ ಒಂದು ಡಾಲರಿಗೇ ಸಿಕ್ಕಿತು. ಮುಂದೆ ಅದರ ನಿಮಿಷದ ಮುಳ್ಳೂ ಕಳಚಿಬಿತ್ತು. ನಿಂತುಹೋದಾಗ ಸ್ಲೋಕಮ್ ಅದನ್ನು ಕುದಿಯುವ ನೀರಿನಲ್ಲಿ ಹಾಕಿ ಬೇಯಿಸಿದ. ಅದು ಮತ್ತೆ ಗಂಟೆಗಳನ್ನು ತೋರಿಸತೊಡಗಿತು. ಆ ಗಡಿಯಾರವನ್ನೂ ಆಕಾಶದ ಚಂದ್ರನನ್ನೂ ನಂಬಿಯೇ ಆತ ಮಹಾಸಾಗರಗಳನ್ನು ದಾಟಿದ.

ಬಂದರಿಗೊಂದು ರಿಪೇರಿ

೧೮೯೫ರ ಏಪ್ರಿಲ್ ೨೪ರಂದು ಸ್ಪ್ರೇ ಬಾಸ್ಟನ್ ಬಿಟ್ಟಿತು. ಜುಲೈ ೨ರಂದು ಯಾರ್ಮತ್ ಬಿಟ್ಟು ಅಟ್ಲಾಂಟಿಕ್ ಸಾಗರಕ್ಕೆ ಇಳಿಯಿತು. ಜಿಬ್ರಾಲ್ಟರ್‌ವರೆಗೆ ಹೋದ ಸ್ಲೋಕಮ್, ಮೆಡಿಟರೇನಿಯನ್ ಸಮುದ್ರದಲ್ಲಿ ಕಡಲುಗಳ್ಳರ ಭಯವಿದೆಯೆಂದು ಕೇಳಿ, ಮೂತಿ ತಿರುಗಿಸಿ ದಕ್ಷಿಣ ಅಮೆರಿಕದ ಕಡೆಗೆ ಹೊರಟ. ಹೊಸದಾಗಿ ಕಟ್ಟಿದ ದೋಣಿಯಾದುದರಿಂದ ಇನ್ನು ರಿಪೇರಿಯ ಕಾಟವಿಲ್ಲವೆಂದು ಓದುವವರು ನಿಟ್ಟುಸಿರುಬಿಡಬಾರದು. ಕೆಲಸ ಮುಗಿದ ದೋಣಿಯೆಂಬುದು ಸಮುದ್ರದಲ್ಲಿ ಇಲ್ಲ.

ಆ ಡಿಸೆಂಬರಿನಲ್ಲಿ ಉರುಗ್ವೆ ದೇಶದ ತೀರಕ್ಕೆ ಅತಿ ಸಮೀಪ ಹೋಗಿ ಸ್ಪ್ರೇ ಮರಳಿನ ಮೇಲೆ ಹತ್ತಿ ಕುಳಿತಿತು. ಲಂಗರನ್ನು ಅರ್ಧ ದೋಣಿಯಲ್ಲಿ ಹೇರಿಕೊಂಡು ತೆರೆಗಳಾಚೆ ಬಿಸಾಡಲು ಹೋದಾಗ ಆ ದೋಣಿ ಮಗುಚಿತು. ಇಷ್ಟು ವರ್ಷ ಕಡಲಲ್ಲಿ ಕಳೆದ ಸ್ಲೋಕಮ್‌ಗೆ ಈಜು ಬರುತ್ತಿರಲಿಲ್ಲ! ಮಗುಚಿದ ದೋಣಿಯನ್ನೇ ಅಪ್ಪಿಕೊಂಡು ಹೇಗೋ ಜೀವ ಉಳಿಸಿಕೊಂಡ. ಸ್ಪ್ರೇಯ ಅಡಿಮರದ ಕೆಳಗಿನ ಪಟ್ಟಿ ಮುರಿದಿತ್ತು. ಮಾಂಟೆವಿಡಿಯೊ ಬಂದರಿನಲ್ಲಿ ಒಂದು ಹಡಗು ಕಂಪೆನಿಯ ಏಜೆಂಟರು ಅದನ್ನು ಪುಕ್ಕಟೆಯಾಗಿ ಸರಿಪಡಿಸಿಕೊಟ್ಟರು. ಒಂದು ಕಬ್ಬಿಣದ ಪೀಪಾಯಿಗೆ ತೂತುಗಳನ್ನು ಕೊರೆದು ಚಳಿಗೆ ಒಲೆಯನ್ನೂ ಮಾಡಿಕೊಟ್ಟರು.

ಮುಂದಿನದು ಬ್ಯೂನಸ್ ಐರಿಸ್, ವರ್ಜೀನಿಯಾ ಕಣ್ಣು ಮುಚ್ಚಿದ ಊರು. ಅಲ್ಲಿ ಆತ ಸ್ಪ್ರೇಯ ಕೂವೆಮರವನ್ನು ಏಳು ಅಡಿಯಷ್ಟು ಕತ್ತರಿಸಿದ. ಆಳೆತ್ತರದ ಮರವನ್ನು ಕೈಯಾರೆ ಕುಗ್ಗಿಸುವುದು ಬುದ್ಧಿಗೇಡಿತನವೆಂದು ನೆಲದ ಮೇಲಿರುವವರಿಗೆ ತೋರೀತು. ಆದರೆ ಮುಂದಿದ್ದುದು ಮೆಗೆಲನ್ ಜಲಸಂಧಿ, ಬೆಟ್ಟಗಳಿಂದ ಬಿರುಗಾಳಿ ಕಲ್ಲಿನಂತೆ ಉರುಳುವ ತಾಣ. ಅಲ್ಲಿ ಎತ್ತರದ ಮರಕ್ಕೆ ಕಟ್ಟಿದ ದೊಡ್ಡ ಹಾಯಿ ದೋಣಿಯನ್ನು ಮಗುಚುವ ಸನ್ನೆಗೋಲಾಗುತ್ತದೆ.

ಆತನ ಎಣಿಕೆ ತಪ್ಪಾಗಲಿಲ್ಲ. ೧೮೯೬ರ ಮಾರ್ಚ್ ತಿಂಗಳಲ್ಲಿ ಜಲಸಂಧಿಯನ್ನು ದಾಟಿ ಪೆಸಿಫಿಕ್ ಸಾಗರಕ್ಕೆ ಬಂದೊಡನೆ ಭಾರಿ ಚಂಡಮಾರುತ ಎದ್ದಿತು. ಮುಖ್ಯ ಹಾಯಿ ಚಿಂದಿಯಾಯಿತು. ಕೇಪ್ ಹಾರ್ನ್ ಕಡೆಗೆ ತಳ್ಳಲ್ಪಟ್ಟ ದೋಣಿ, ಕತ್ತಲಲ್ಲಿ ನೊರೆಯುಗುಳುವ ಬಂಡೆಗಳ ನಡುವೆ ಸಿಕ್ಕಿತು. ಆ ಬಂಡೆಗಳ ಸಮೂಹಕ್ಕೆ ನಾವಿಕರು ‘ಕ್ಷೀರಪಥ’ವೆಂದು ಹೆಸರಿಟ್ಟಿದ್ದರು, ಆಕಾಶದ ನಕ್ಷತ್ರಗಳಂತೆ ಅವು ಲೆಕ್ಕಕ್ಕೆ ಸಿಗುವಂಥವಲ್ಲ. ಬೆಳಗಿನವರೆಗೆ ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ದಾರಿ ಮಾಡಿಕೊಂಡು ಆತ ಬದುಕಿಬಂದ. ತನ್ನ ಜೀವಮಾನದ ಅತಿ ದೊಡ್ಡ ಸಮುದ್ರಸಾಹಸ ಅದೇ ಎಂದು ಆತ ಬರೆದಿದ್ದಾನೆ.

ಹೀಗೆ ಮತ್ತೆ ಜಲಸಂಧಿಯೊಳಕ್ಕೇ ಬಂದಾಯಿತು. ಇನ್ನು ದರ್ಜಿಯ ಕೆಲಸ. ಸೂಜಿ, ದಾರ, ಹರಕು ಬಟ್ಟೆ ಹಿಡಿದು, ಹಾಯಿಯನ್ನು ತುಂಡುತುಂಡಾಗಿ ಹೊಲಿಯುತ್ತ ಕುಳಿತ. ರಾತ್ರಿ ಮಲಗುವ ಮುನ್ನ ಡೆಕ್ಕಿನ ಮೇಲೆ ಕಾರ್ಪೆಟ್ ಮೊಳೆಗಳನ್ನು ಮೊನೆ ಮೇಲಾಗಿ ಚೆಲ್ಲುತ್ತಿದ್ದ. ಕದ್ದು ಹತ್ತಿದ ಸ್ಥಳೀಯರು ಬರಿಗಾಲಿನಲ್ಲಿ ತುಳಿದು, ಕೂಗಿಕೊಂಡು ಸಮುದ್ರಕ್ಕೆ ಹಾರಿಕೊಂಡರಂತೆ. ಈ ಕಥೆಯನ್ನು ಆತ ನಗೆ ಬರುವಂತೆ ಹೇಳಿದ್ದಾನೆ. ಆ ತೀರದ ಜನರ ಪಾಲಿಗೆ ಬಿಳಿಯರ ಹಡಗುಗಳು ಎಂಥ ವಿಪತ್ತನ್ನು ತಂದಿದ್ದವೆಂಬುದನ್ನು ನೆನೆದರೆ ನಗು ಅರ್ಧಕ್ಕೆ ನಿಲ್ಲುತ್ತದೆ.

ಪೋರ್ಟ್ ಅಂಗೋಸ್ಟೊ ಎಂಬ ಕೊಲ್ಲಿಯಲ್ಲಿ ಆತ ಬಹು ಮುಖ್ಯವಾದ ಒಂದು ಮಾರ್ಪಾಡನ್ನು ಮಾಡಿದ. ದೋಣಿಯ ಹಿಂತುದಿಯಲ್ಲಿ ಎಳೆಮರವೊಂದನ್ನು ಬಗ್ಗಿಸಿ ಅರೆವೃತ್ತದ ಆಸರೆ ಕಟ್ಟಿ, ಎರಡನೆಯ ಸಣ್ಣ ಕೂವೆಮರಕ್ಕೆ ಅದರಿಂದ ಆಧಾರ ಕೊಟ್ಟು, ಒಂದು ಚಿಕ್ಕ ಹಾಯಿಯನ್ನು ಏರಿಸಿದ. ಮುಂದಿನ ದೊಡ್ಡ ಹಾಯಿಯ ಎಳೆತಕ್ಕೆ ಹಿಂದಿನ ಚಿಕ್ಕ ಹಾಯಿ ತಕ್ಕಡಿಯ ಇನ್ನೊಂದು ತಟ್ಟೆಯಂತಾಯಿತು. ಒಂಟಿಗಂಬದ ದೋಣಿ ಜೋಡಿಗಂಬದ್ದಾಯಿತು. ಏಪ್ರಿಲ್ ೧೩ರಂದು ಮತ್ತೆ ಹೊರಟಾಗ ಪೆಸಿಫಿಕ್ ಸಾಗರ ದಾರಿಬಿಟ್ಟಿತು.

ಜೀವನೋಪಾಯ? ಜಲಸಂಧಿಯಲ್ಲಿ ಯಾವುದೋ ಒಡೆದ ಹಡಗಿನಿಂದ ದಡಕ್ಕೆ ಬಂದಿದ್ದ ಕೊಬ್ಬಿನ ಪೀಪಾಯಿಗಳನ್ನು ಆತ ತುಂಬಿಕೊಂಡಿದ್ದ. ಜುವಾನ್ ಫರ್ನಾಂಡಿಸ್ ದ್ವೀಪದಲ್ಲಿ ಆ ಕೊಬ್ಬಿನಲ್ಲಿ ಕಜ್ಜಾಯದಂಥ ಹಿಟ್ಟಿನ ತಿನಿಸನ್ನು ಕರಿದು ದ್ವೀಪದವರಿಗೆ ರುಚಿ ತೋರಿಸಿದ. ಅವರು ಕರಿಯುವುದನ್ನೂ ಕಲಿತು ಕೊಬ್ಬನ್ನೂ ಕೊಂಡರು. ಮೆಲ್ಬರ್ನ್ ಬಂದರಿನಲ್ಲಿ ಸ್ಪ್ರೇಯನ್ನು ೧೩ ಟನ್ ಎಂದು ಎಣಿಸಿ ೬ ಶಿಲಿಂಗ್ ೬ ಪೆನ್ನಿ ಸುಂಕ ವಸೂಲು ಮಾಡಿದರು. ಸ್ಲೋಕಮ್ ಸುಮ್ಮನಿರಲಿಲ್ಲ. ದೋಣಿಯನ್ನು ನೋಡಬಂದವರಿಗೆ ತಲೆಗೆ ಆರು ಪೆನ್ನಿಯ ಟಿಕೆಟ್ಟು ಇಟ್ಟ. ಆ ವ್ಯಾಪಾರ ಕುಗ್ಗಿದಾಗ ಒಂದು ಶಾರ್ಕ್ ಮೀನನ್ನು ಹಿಡಿದು ಅದನ್ನು ತೋರಿಸಲೂ ಆರು ಪೆನ್ನಿ ಇಟ್ಟ.

ಅಷ್ಟರಲ್ಲಿ ಸಿಡ್ನಿಯಲ್ಲಿ ಹೊಸ ಹಾಯಿಗಳ ಒಂದು ಜೊತೆ ಉಡುಗೊರೆಯಾಗಿ ಬಂದಿತ್ತು. ಟಾಸ್ಮೇನಿಯಾದಲ್ಲಿ ದೋಣಿಯನ್ನು ನೀರಿನಿಂದ ಮೇಲಕ್ಕೆಳೆದು ತಳವನ್ನು ಅಂಗುಲ ಅಂಗುಲವಾಗಿ ಪರೀಕ್ಷಿಸಿದ. ಹಡಗುಹುಳುವಿನ ಗುರುತಿರಲಿಲ್ಲ. ಆದರೂ ಮುಂದೆ ದಾಟಬೇಕಾಗಿದ್ದುದು ಹುಳುವಿನ ತವರಾದ ಬೆಚ್ಚನೆಯ ಹವಳದ ಸಮುದ್ರ. ಆದುದರಿಂದ ತಾಮ್ರದ ಬಣ್ಣವನ್ನು ಇನ್ನೊಮ್ಮೆ ಬಳಿದೇ ಹೊರಟ.

ಯಜಮಾನನಿಲ್ಲದ ಚುಕ್ಕಾಣಿ

ಸ್ಪ್ರೇಯ ಒಂದು ಗುಣ ನಾವಿಕಲೋಕವನ್ನು ಬಹುಕಾಲ ಚರ್ಚೆಗೆ ತೊಡಗಿಸಿತು. ಚುಕ್ಕಾಣಿಯನ್ನು ಹಗ್ಗದಿಂದ ಬಿಗಿದುಬಿಟ್ಟರೆ, ಗಾಳಿ ಒಂದೇ ದಿಕ್ಕಿನಿಂದ ಬೀಸುತ್ತಿರುವವರೆಗೆ, ಆ ದೋಣಿ ತನ್ನ ದಾರಿಯನ್ನು ತಾನೇ ಹಿಡಿದು ಹೋಗುತ್ತಿತ್ತು. ಅಗಲವಾದ ಮೈ, ಉದ್ದಕ್ಕೂ ನೇರವಾಗಿ ಹಬ್ಬಿದ ಅಡಿಮರ, ಮುಂದು ಹಿಂದಿನ ಹಾಯಿಗಳ ಸಮತೂಕ, ಇವೆಲ್ಲವೂ ಅದಕ್ಕೆ ಕಾರಣ. ೧೮೯೭ರಲ್ಲಿ ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗೆ ೨,೭೦೦ ಮೈಲಿಗಳನ್ನು ೨೩ ದಿನಗಳಲ್ಲಿ ದಾಟುವಾಗ, ಸ್ಲೋಕಮ್ ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಗಿಂತಲೂ ಕಡಿಮೆ. ಉಳಿದ ಹೊತ್ತು ಆತ ಅಡಿಗೆ ಮಾಡಿದ, ಬಟ್ಟೆ ಹೊಲಿದ, ಓದಿದ, ಮಲಗಿದ.

ಕೇಪ್‌ಟೌನಿನಲ್ಲಿ ಸ್ಪ್ರೇ ಡ್ರೈಡಾಕಿನಲ್ಲಿ ವಿಶ್ರಮಿಸಿಕೊಳ್ಳುತ್ತಿದ್ದಾಗ ಆತ ರೈಲಿನಲ್ಲಿ ದೇಶ ಸುತ್ತಿ, ಟ್ರಾನ್ಸ್‌ವಾಲಿನ ಅಧ್ಯಕ್ಷ ಕ್ರೂಗರನನ್ನು ಕಂಡ. ಭೂಮಿ ಚಪ್ಪಟೆಯೆಂದು ನಂಬಿದ್ದ ಆ ವೃದ್ಧ, ಪ್ರಪಂಚದ ಸುತ್ತ ಎನ್ನಬಾರದು, ಪ್ರಪಂಚದಲ್ಲಿ ಎನ್ನಬೇಕೆಂದು ತಿದ್ದಿದನಂತೆ. ಸೇಂಟ್ ಹೆಲೆನಾ ದ್ವೀಪದಲ್ಲಿ ಸ್ನೇಹಿತನೊಬ್ಬ ಕೊಟ್ಟ ಮೇಕೆ ವೆಸ್ಟ್ ಇಂಡೀಸಿನ ನಕ್ಷೆಯನ್ನೂ ಸ್ಲೋಕಮನ ಹುಲ್ಲಿನ ಟೋಪಿಯನ್ನೂ ತಿಂದುಹಾಕಿತು; ಅದನ್ನು ಮುಂದಿನ ದ್ವೀಪದಲ್ಲಿ ಇಳಿಸಿ, ನಕ್ಷೆಯಿಲ್ಲದೆಯೇ ಆತ ಮುಂದುವರಿದ.

೧೮೯೮ರ ಜೂನ್ ೨೭ರಂದು, ನಡುರಾತ್ರಿ ಕಳೆದು ಒಂದು ಗಂಟೆಗೆ, ಸ್ಪ್ರೇ ಅಮೆರಿಕದ ನ್ಯೂಪೋರ್ಟ್ ಬಂದರಿನಲ್ಲಿ ಲಂಗರು ಹಾಕಿತು. ಮೂರು ವರ್ಷ ಎರಡು ತಿಂಗಳು. ಸುಮಾರು ೪೬,೦೦೦ ಮೈಲಿ. ದೋಣಿಯೊಳಗೆ ಒಂದು ತೊಟ್ಟು ನೀರೂ ಸೋರಿರಲಿಲ್ಲ. ನೀರೆತ್ತುವ ಪಂಪನ್ನು ಆಸ್ಟ್ರೇಲಿಯಾ ಬಿಟ್ಟ ಮೇಲೆ ಆತ ಜೋಡಿಸಿಯೇ ಇರಲಿಲ್ಲ. ತೆವಳುತ್ತದೆಂದು ಹೆದರಿಸಿದ್ದ ಹತ್ತಿ ತನ್ನ ಸಂದುಗಳಲ್ಲಿಯೇ ಕುಳಿತಿತ್ತು. ಕೆಲವು ದಿನಗಳಲ್ಲಿ ಆತ ಸ್ಪ್ರೇಯನ್ನು ಫೇರ್‌ಹೇವನ್‌ಗೆ ನಡೆಸಿಕೊಂಡು ಹೋಗಿ, ಮೊದಲ ಬಾರಿ ನೀರಿಗಿಳಿಸಿದಾಗ ಕಟ್ಟಿದ್ದ ಅದೇ ಸೀಡರ್ ಗೂಟಕ್ಕೆ ಮತ್ತೆ ಕಟ್ಟಿದ.

ಸಡಿಲವಾದ ಹಗ್ಗಗಳು

ಯಾತ್ರೆಯ ಕಥೆ ಒಂದು ಸಚಿತ್ರ ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ೧೯೦೦ರಲ್ಲಿ ಪುಸ್ತಕವಾಯಿತು. ಹೆಸರೂ ಹಣವೂ ಬಂದವು. ೧೯೦೧ರಲ್ಲಿ ಬಫಲೋ ನಗರದ ದೊಡ್ಡ ವಸ್ತುಪ್ರದರ್ಶನಕ್ಕೆ ಸ್ಪ್ರೇಯನ್ನೇ ಒಯ್ದು ಜನರಿಗೆ ತೋರಿಸಿದ. ಮರುವರ್ಷ ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಜಮೀನೂ ಮನೆಯೂ ಆದವು. ಇನ್ನು ನೆಲದ ಮೇಲೆ ನೆಮ್ಮದಿಯ ಸಂಸಾರವೆಂದು ಹೆಟ್ಟಿ ಆಸೆಪಟ್ಟಿದ್ದರೆ ಅದು ಸಹಜವೇ. ಆದರೆ ಸ್ಲೋಕಮ್‌ಗೆ ಗೋಡೆಗಳ ನಡುವೆ ನಿದ್ದೆ ಹತ್ತಲಿಲ್ಲ. ಮತ್ತೆ ದೋಣಿಯನ್ನೇ ಮನೆಮಾಡಿಕೊಂಡು, ಚಳಿಗಾಲ ಬಂದೊಡನೆ ವೆಸ್ಟ್ ಇಂಡೀಸಿನ ಬಿಸಿಲಿನ ಕಡೆಗೆ ಒಬ್ಬನೇ ಹೊರಟುಬಿಡುತ್ತಿದ್ದ. ಹಿಂದಿರುಗುವಾಗ ಶಂಖ, ಚಿಪ್ಪು, ಅಪರೂಪದ ಗಿಡಗಳನ್ನು ತರುತ್ತಿದ್ದ. ಒಮ್ಮೆ ತಂದ ಆರ್ಕಿಡ್ ಗಿಡವೊಂದು ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಮನೆಯನ್ನೂ ಸೇರಿತು.

ವರ್ಷಗಳು ಕಳೆದಂತೆ ಆತನ ಕೈಯೂ ಸೋತಿತು. ಆ ಕಾಲದಲ್ಲಿ ಬಂದರುಗಳಲ್ಲಿ ಸ್ಪ್ರೇಯನ್ನು ಕಂಡವರು ಅದರ ಅವಸ್ಥೆಯನ್ನು ಬೇಸರದಿಂದ ನೆನೆದಿದ್ದಾರೆ. ಡೆಕ್ಕಿನ ಮೇಲೆ ಅಸ್ತವ್ಯಸ್ತ. ಹಗ್ಗಗಳು ಸಡಿಲ, ಹಳೆಯವು. ತೇಪೆಯ ಮೇಲೆ ತೇಪೆ. ಫೇರ್‌ಹೇವನ್ನಿನ ಹೊಲದಲ್ಲಿ ಬೋಲ್ಟಿಗೊಂದು ನಟ್ಟು ಎಂದು ಸಾವಿರ ಬಾರಿ ಬಿಗಿದ ಕೈ ಅದೇ. ಆದರೆ ಆಗ ನಲವತ್ತೆಂಟಿದ್ದ ಕ್ಯಾಪ್ಟನ್‌ಗೆ ಈಗ ಅರುವತ್ತು ದಾಟಿತ್ತು. ದೋಣಿಗೂ ಪುನರ್ಜನ್ಮದಿಂದೀಚೆಗೆ ಹದಿನೈದು ವರ್ಷ ತುಂಬುತ್ತ ಬಂದಿತ್ತು.

ನ್ಯಾಯಾಲಯದ ದಾಖಲೆಯಂತೆ ೧೯೦೯ರ ನವೆಂಬರ್ ೧೪ರಂದು ಸ್ಲೋಕಮ್ ಮತ್ತೊಮ್ಮೆ ದಕ್ಷಿಣ ಅಮೆರಿಕದ ಕಡೆಗೆ ಒಬ್ಬನೇ ಹೊರಟ. ಒರಿನೊಕೊ ನದಿಯನ್ನು ಹೊಕ್ಕು ನೋಡಬೇಕೆಂಬುದು ಆತನ ಬಯಕೆಯಾಗಿತ್ತು. ಆಮೇಲೆ ಆತನನ್ನು ಯಾರೂ ಕಾಣಲಿಲ್ಲ. ರಾತ್ರಿಯಲ್ಲಿ ಯಾವುದಾದರೂ ಆವಿಯ ಹಡಗು ಡಿಕ್ಕಿ ಹೊಡೆದಿರಬೇಕೆಂದು ಕೆಲವರು. ಹಳೆಯ ಹಲಗೆಯೇ ಬಾಯಿಬಿಟ್ಟಿರಬೇಕೆಂದು ಇನ್ನು ಕೆಲವರು. ಮೊದಲಿನ ಸ್ಪ್ರೇ, ಮೊದಲಿನ ಸ್ಲೋಕಮ್ ಆಗಿದ್ದರೆ ಯಾವ ಬಿರುಗಾಳಿಯೂ ಅವರನ್ನು ನುಂಗಲಾಗುತ್ತಿರಲಿಲ್ಲವೆಂದು ವಾದಿಸಿದವರೂ ಉಂಟು. ಸ್ಪ್ರೇಯ ಅಳತೆಗಳನ್ನು ಅನುಸರಿಸಿ ಅದರಂಥ ದೋಣಿಗಳನ್ನು ನಾನಾ ದೇಶಗಳಲ್ಲಿ ಜನರು ಕಟ್ಟಿಕೊಂಡರು. ಅವುಗಳಲ್ಲಿ ಕೆಲವು ಸಾಗರಗಳನ್ನು ದಾಟಿದವು.

ಹೆಟ್ಟಿ ದ್ವೀಪದಲ್ಲಿ ಕಾದಳು. ೧೯೨೪ರಲ್ಲಿ ನ್ಯಾಯಾಲಯವು ಕ್ಯಾಪ್ಟನ್ ಜೋಶುವಾ ಸ್ಲೋಕಮ್ ಕಾನೂನಿನ ಪ್ರಕಾರ ಮೃತನಾದನೆಂದು ತೀರ್ಪು ಕೊಟ್ಟಿತು. ಅಷ್ಟರೊಳಗೆ ಹದಿನೈದು ವರ್ಷಗಳು ಕಳೆದಿದ್ದವು. ಸ್ಪ್ರೇಯ ಒಂದು ಹಲಗೆಯಾದರೂ ಯಾವ ದಡವನ್ನೂ ಸೇರಿದ ಸುದ್ದಿ ಬಂದಿರಲಿಲ್ಲ.